ಮೊದಲನೇ ಬಿಂದು

ಜೂನ್ ೩, ಮಂಗಳವಾರ

ಮಗಳ ಹಳೆಯ ಗಣಿತದ ನೋಟುಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಉಳಿದಿದ್ದವು. ಇವತ್ತಿನಿಂದ ಅವು ನನ್ನವು. ಯಾರ ಮೇಲಾದರೂ ರೇಗಾಡದಿದ್ದರೆ ನನ್ನ ತಲೆ ಸಿಡಿದುಹೋಗುತ್ತದೆ. ಮನೆಯಲ್ಲಿ ರೇಗಾಡಿದರೆ ದರ್ಜಿಯಾದ ನಮ್ಮ ಯಜಮಾನರು ಹೊಲಿಗೆ ಯಂತ್ರವನ್ನು ಇನ್ನೂ ಜೋರಾಗಿ ತುಳಿಯುತ್ತಾರೆ, ನನ್ನ ಮಾತು ನನಗೇ ಕೇಳಿಸುವುದಿಲ್ಲ.

ಮಗಳ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಹತ್ತನೇ ತರಗತಿ ಆದಮೇಲೆ ಏನು ಓದಬೇಕು ಎಂದು ಹೇಳುವುದಕ್ಕೆ ಒಬ್ಬ ಸಲಹೆಗಾರರನ್ನು ಕರೆಸಿದ್ದರು. ಅವರು ಗೋಡೆಯ ಮೇಲೆ ಒಂದು ಏಣಿಯ ಚಿತ್ರ ಹಾಕಿದರು. ಕೆಳಗಿನ ಮೆಟ್ಟಿಲಲ್ಲಿ ನೀಲಿ ಅಂಗಿಯವನು, ಕೈಯಲ್ಲಿ ಸ್ಪ್ಯಾನರ್, ಅವನು ಟೆಕ್ನಿಷಿಯನ್. ನಡುವೆ ಹೆಲ್ಮೆಟ್ ಹಾಕಿಕೊಂಡ ಡಿಪ್ಲೊಮಾದವನು. ತುದಿಯಲ್ಲಿ ಟೈ ಕಟ್ಟಿಕೊಂಡು, ನಕ್ಷೆ ಸುತ್ತಿ ಹಿಡಿದು, ಹಲ್ಲು ಬಿಟ್ಟುಕೊಂಡು ನಿಂತ ಇಂಜಿನಿಯರ್. ಮೂವರಲ್ಲಿ ನಗುತ್ತಿದ್ದವನು ಅವನೊಬ್ಬನೇ.

"ಚೆನ್ನಾಗಿ ಓದೋರು ಸೀದಾ ಮೇಲಕ್ಕೆ ಹೋಗ್ಬೋದು. ಓದು ಹತ್ತದೇ ಇರೋರು ಕೆಳಗಿಂದ ಶುರು ಮಾಡ್ಬೋದು, ಅದ್ರಲ್ಲೇನೂ ಅವಮಾನ ಇಲ್ಲ" ಎಂದರು.

ಅವಮಾನ ಇಲ್ಲ ಎಂದು ಯಾರಾದರೂ ಹೇಳಿದಾಗಲೇ ಅದು ಇದೆ ಎಂದು ಗೊತ್ತಾಗುವುದು. ನಾನು ಕೈ ಎತ್ತಿದೆ. "ಸಾರ್, ಆ ಕೆಳಗಿರೋನು ಏಣಿ ಹಿಡ್ಕೊಂಡಿಲ್ಲ ಅಂದ್ರೆ ಮೇಲಿರೋನ ಗತಿ ಏನು?" ಎಂದೆ. ಹಿಂದಿನ ಸಾಲಿನವರು ನಕ್ಕರು. ಮಗಳು ಬೆಂಚಿನ ಕೆಳಗೆ ಬಿದ್ದ ಪೆನ್ನನ್ನು ಐದು ನಿಮಿಷ ಹುಡುಕಿದಳು. ಪೆನ್ನು ಬಿದ್ದಿರಲೇ ಇಲ್ಲ.

ಮನೆಗೆ ನಡೆದು ಬರುವಾಗ ಕೇಳಿದಳು. "ಅಮ್ಮ, ನೀನು ಯಾವ ಮೆಟ್ಟಿಲು?"

"ಮಧ್ಯದ್ದು." ಹತ್ತು ಮುಗಿಸಿ ಫಿಟ್ಟರ್ ತರಬೇತಿ, ಮದುವೆಯಾದ ಮೇಲೆ ನಾಲ್ಕು ವರ್ಷ ಸಂಜೆ ಕಾಲೇಜಿಗೆ ಹೋಗಿ ಡಿಪ್ಲೊಮಾ. ಅವಳನ್ನು ಬೆಂಚಿನ ಮೇಲೆ ಮಲಗಿಸಿಕೊಂಡು ಪಾಠ ಕೇಳಿದವಳು ನಾನು.

"ಹಾಗಾದ್ರೆ ಸರಿ. ನಾನೂ ಫಿಟ್ಟರ್ ತರಬೇತಿಗೇ ಹೋಗ್ತೀನಿ."

"ಕಾಲು ಮುರೀತೀನಿ" ಎಂದೆ.

ಅವಳು ನನ್ನನ್ನೇ ನೋಡಿದಳು. ನಾನು ಅಂಗಡಿಯ ಬೋರ್ಡು ನೋಡಿದೆ.

ಜೂನ್ ೫, ಗುರುವಾರ

ಊಟದ ವಿರಾಮ. ಟೂಲ್ ಪೆಟ್ಟಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಆ ಸಲಹೆಗಾರರಿಗೆ ಅವತ್ತು ಹೇಳಬೇಕಾಗಿದ್ದ ಮಾತೆಲ್ಲ ಇವತ್ತು ನೆನಪಾಗುತ್ತಿದೆ, ಯಾವಾಗಲೂ ಹೀಗೇ.

ಹೇಳಬೇಕಾಗಿದ್ದು ಇಷ್ಟು. ಸಾರ್, ನಮ್ಮ ಕಾರ್ಖಾನೆಯಲ್ಲಿ ನೀರಿನ ಪಂಪು ತಯಾರಾಗುತ್ತದೆ. ತಯಾರಾದ ಪ್ರತಿಯೊಂದನ್ನೂ ನಾನು ತೊಟ್ಟಿಯ ಪಕ್ಕ ಕೂರಿಸಿ, ಕೊಳವೆ ಜೋಡಿಸಿ, ಓಡಿಸಿ ನೋಡುತ್ತೇನೆ. ಮೊದಲು ವಾಲ್ವು ಪೂರ್ತಿ ಮುಚ್ಚಿ ಒತ್ತಡ ಎಷ್ಟು ಎಂದು ಗೇಜಿನಲ್ಲಿ ಓದುತ್ತೇನೆ. ಆಮೇಲೆ ಸ್ವಲ್ಪ ಸ್ವಲ್ಪ ತೆರೆಯುತ್ತ ಇನ್ನಾರು ಸಲ. ಏಳು ಬಿಂದು. ಗ್ರಾಫಿನಲ್ಲಿ ಸೇರಿಸಿದರೆ ದಿಬ್ಬದಿಂದ ಇಳಿಯುವ ದಾರಿಯ ಹಾಗೆ ಒಂದು ಗೆರೆ ಬರುತ್ತದೆ. ರಫ್ ಪುಸ್ತಕದಿಂದ ಫೇರ್ ಹಾಳೆಗೆ ನಾನೇ ಇಳಿಸುತ್ತೇನೆ. ನನ್ನ ಅಕ್ಷರ ಅಚ್ಚು ಹಾಕಿದ ಹಾಗಿದೆ ಎಂದು ಇಡೀ ಕಾರ್ಖಾನೆ ಹೇಳುತ್ತದೆ. ಹನ್ನೊಂದು ವರ್ಷದಿಂದ ಹೇಳುತ್ತಿದೆ.

ಆಮೇಲೆ ಆ ಹಾಳೆಗೆ ಇಂಜಿನಿಯರ್ ಸಹಿ ಹಾಕುತ್ತಾರೆ. ಈಗ ಹಾಕುವವಳಿಗೆ ಇಪ್ಪತ್ತಮೂರು ವರ್ಷ. ಎಂಟು ತಿಂಗಳ ಹಿಂದೆ ಕಾಲೇಜಿನಿಂದ ನೇರ ಬಂದಳು. ಅವಳ ಅಂಗಿತೋಳಿನ ಮಡಿಕೆಯಲ್ಲಿ ಸೌತೆಕಾಯಿ ಹೆಚ್ಚಬಹುದು, ಅಷ್ಟು ಖಡಕ್ಕು. ನಾನಿಟ್ಟ ಹೆಸರು ಇಸ್ತ್ರಿ ಮೇಡಂ. ಬಂದ ಹೊಸದರಲ್ಲಿ ಪಂಪಿನ ಹೀರುವ ಬಾಯಿ ಯಾವುದು, ಉಗುಳುವ ಬಾಯಿ ಯಾವುದು ಎಂದು ತೋರಿಸಿಕೊಟ್ಟವಳು ನಾನು. ಅವಳು ಒಮ್ಮೆ "ಅಕ್ಕ" ಎಂದಳು. "ನಾನು ನಿಮ್ಮಕ್ಕ ಅಲ್ಲ, ಮೇಡಂ" ಎಂದೆ. ಆಮೇಲಿಂದ ಏನೂ ಕರೆಯುವುದಿಲ್ಲ, "ನೋಡಿ" ಎನ್ನುತ್ತಾಳೆ.

ನನಗೆ ಆ ಸಹಿ ಬೇಕು. ಅಷ್ಟೇ. ಬೇರೆ ಏನೂ ಬೇಡ.

ಜೂನ್ ೧೪, ಶನಿವಾರ

ದಾರಿ ಇದೆ! ಇಂಜಿನಿಯರುಗಳ ಮಂಡಳಿಯ ನಿಯಮ ಪುಸ್ತಕದಲ್ಲೇ ಇದೆ. ಡಿಪ್ಲೊಮಾ ಆಗಿ ಹತ್ತು ವರ್ಷ ಕೆಲಸ ಮಾಡಿದವರು ಡಿಗ್ರಿ ಇಲ್ಲದಿದ್ದರೂ ಅರ್ಜಿ ಹಾಕಬಹುದು. ತಾವು ಮಾಡಿದ ಕೆಲಸದ ಮೇಲೆ ಒಂದು ವರದಿ ಬರೆಯಬೇಕು, ಮೂವರ ಮುಂದೆ ಸಂದರ್ಶನಕ್ಕೆ ಕೂರಬೇಕು. ಒಪ್ಪಿದರೆ ಸಹಿ ಹಾಕುವ ಅಧಿಕಾರ. ಅರ್ಜಿಗೆ ಆಗಸ್ಟ್ ಹದಿನೈದು ಕೊನೆ.

ತೋರಿಸಿದವರು ದೊಡ್ಡ ಸಾರ್. ನಮ್ಮ ಮ್ಯಾನೇಜರು. ಮೊದಲು ಟೆಸ್ಟಿಂಗ್ ವಿಭಾಗದ ಇಂಜಿನಿಯರ್ ಆಗಿದ್ದವರು, ನನಗೆ ಗೇಜು ಓದುವುದನ್ನು ಕಲಿಸಿದವರು. "ನೀನು ಯಾವತ್ತೋ ಆಗ್ಬೇಕಿತ್ತಮ್ಮ. ನಿನ್ನ ಕೆಲಸ ನೋಡಿದೀನಿ ಅಂತ ಸರ್ಟಿಫಿಕೇಟು ನಾನೇ ಕೊಡ್ತೀನಿ" ಎಂದರು. ವರದಿಯ ವಿಷಯವನ್ನೂ ಅವರೇ ಸೂಚಿಸಿದರು. ಕೊಳವೆ ಬೇಗ ಜೋಡಿಸಲು ಎರಡು ವರ್ಷದ ಹಿಂದೆ ನಾನೊಂದು ಹಿಡಿಕೆ ಮಾಡಿದ್ದೆ, ಅದರಿಂದ ಒಂದೊಂದು ಪಂಪಿಗೆ ಇಪ್ಪತ್ತು ನಿಮಿಷ ಉಳಿಯುತ್ತದೆ. ಅದರ ಮೇಲೆ.

ಸಂತೋಷಕ್ಕೆ ಇಸ್ತ್ರಿ ಮೇಡಂಗೂ ಒಂದು ಬಿಸ್ಕತ್ತು ಕೊಟ್ಟೆ. ಅವಳು ಅದನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು, ವಿಷ ಹಾಕಿದ್ದೇನೋ ಎಂಬ ಹಾಗೆ.

ಜುಲೈ ೨, ಬುಧವಾರ

ವರದಿ ಹನ್ನೆರಡು ಪುಟ ಆಯಿತು. ಮಗಳು ಮತ್ತೆ ಫಿಟ್ಟರ್ ಎಂದಳು. ಮತ್ತೆ ಬೈದೆ. "ಹೆಣ್ಣು ಹುಡುಗಿ, ಗ್ರೀಸು ಮೆತ್ಕೊಂಡು..." ಎಂದು ಶುರು ಮಾಡಿದವಳು, ನನ್ನ ಉಗುರು ನೋಡಿಕೊಂಡು ಬಾಯಿ ಮುಚ್ಚಿದೆ.

ಜುಲೈ ೯, ಬುಧವಾರ

ಇವತ್ತು ಒಬ್ಬ ಮನುಷ್ಯ ಬಂದಿದ್ದರು. ಐವತ್ತರ ಆಸುಪಾಸು. ಒಂದು ಬಡಾವಣೆಗೆ ನೀರು ಬಿಡುವ ಪಂಪ್‌ಹೌಸಿನ ಆಪರೇಟರು. ಗೇಟಿನಲ್ಲಿ ಎರಡು ಗಂಟೆ ಕೂತಿದ್ದರಂತೆ, ಯಾರೂ ಒಳಗೆ ಬಿಟ್ಟಿರಲಿಲ್ಲ. ಟೀ ಕುಡಿಯಲು ಹೋದಾಗ ನನಗೆ ಸಿಕ್ಕರು. ನನ್ನ ಅಂಗಿಯ ಮೇಲೆ ಎಣ್ಣೆ ಕಂಡು, ಇವಳು ಕೆಲಸದವಳು ಎಂದು ಧೈರ್ಯ ಬಂದಿರಬೇಕು.

"ಗಲಾಟೆ ಮಾಡಕ್ಕೆ ಬಂದಿಲ್ಲಮ್ಮ. ನಾನು ಏನು ತಪ್ಪು ಮಾಡ್ದೆ ಅಂತ ತಿಳ್ಕೊಂಡು ಹೋಗಣ ಅಂತ ಬಂದೆ."

ಅವರ ಪಂಪ್‌ಹೌಸಿನಲ್ಲಿ ನಮ್ಮ ನಲವತ್ತೆರಡನೇ ಮಾದರಿಯ ಪಂಪು ಎರಡು, ಪಕ್ಕಪಕ್ಕದಲ್ಲಿ, ಒಂದೇ ಕೊಳವೆಗೆ. ಬೆಳಗಿನ ಹೊತ್ತು ನೀರಿನ ಬೇಡಿಕೆ ಏರುವ ಮುಂಚೆ ಒಂದು ಓಡುತ್ತಿರುವಾಗಲೇ ಎರಡನೆಯದನ್ನು ಶುರು ಮಾಡಿದರು. ಅದು ಓಡಿತು, ಆದರೆ ನೀರು ಕೊಡಲಿಲ್ಲ. ಒಳಗಿನ ನೀರನ್ನೇ ಕಡೆದು ಕಡೆದು ಕಾದು, ಸೀಲು ಸುಟ್ಟು, ಹೊಗೆ ಎದ್ದಿತು. ವಾಲ್ವು ತೆರೆಯದೆ ಓಡಿಸಿದ್ದೀಯ ಎಂದು ಅವರನ್ನು ಕೆಲಸದಿಂದ ಅಮಾನತು ಮಾಡಿದ್ದಾರೆ. ಇಪ್ಪತ್ತೆರಡು ವರ್ಷದ ಕೆಲಸ. ಆಗಸ್ಟ್ ಕೊನೆಯಲ್ಲಿ ವಿಚಾರಣೆ.

"ನಾನು ತೆಗ್ದಿದ್ದೆ ವಾಲ್ವು. ಕೈಯಾರೆ ತೆಗ್ದಿದ್ದೆ. ಹೇಳಿದ್ರೆ ಯಾರೂ ನಂಬಲ್ಲ. ಇದನ್ನ ತೋರಿಸ್ತಾರೆ" ಎಂದು ಜೇಬಿನಿಂದ ಒಂದು ಹಾಳೆಯ ನಕಲು ತೆಗೆದರು. "ಈ ಹಾಳೆ ಪ್ರಕಾರ ಪಂಪು ಮೂವತ್ಮೂರು ಮೀಟರ್ ಎತ್ತರಕ್ಕೆ ನೀರು ತಳ್ಳೋ ಒತ್ತಡ ಕೊಡತ್ತೆ. ಕೊಳವೇಲಿ ಇದ್ದದ್ದು ಮೂವತ್ತೆರಡು. ಅಂದ್ಮೇಲೆ ನೀರು ತಳ್ಳಲೇಬೇಕು. ತಳ್ಳಿಲ್ಲ ಅಂದ್ರೆ ವಾಲ್ವು ಮುಚ್ಚಿತ್ತು ಅಂತಾನೇ ಅರ್ಥ, ಅಂದ್ರು."

ಲೆಕ್ಕ ಸರಿಯಾಗಿಯೇ ಇತ್ತು. ಹಾಳೆ ನೋಡಿದೆ. ಮೂರು ವರ್ಷದ ಹಿಂದಿನದು. ಕೆಳಗೆ ದೊಡ್ಡ ಸಾರ್ ಸಹಿ. ಅಕ್ಷರ ಮಾತ್ರ ಅಚ್ಚು ಹಾಕಿದ ಹಾಗಿತ್ತು.

"ನೋಡಿ ಹೇಳ್ತೀನಿ" ಎಂದೆ. ಟೀಗೆ ಕರೆದೆ, ಬೇಡ ಎಂದು ಹೋದರು. ನನ್ನ ಟೀ ಆರಿಹೋಯಿತು.

ಜುಲೈ ೧೦, ಗುರುವಾರ

ಇದನ್ನು ಬರೆಯಲೇಬೇಕು. ಬರೆಯದಿದ್ದರೆ ನಾಳೆ ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ.

ಏಳು ಬಿಂದು ಎಂದು ಬರೆದಿದ್ದೆನಲ್ಲ. ನಿಜವಾಗಿ ಹಾಳೆಗೆ ಹೋಗುವುದು ಆರು. ಮೊದಲನೆಯದು, ವಾಲ್ವು ಪೂರ್ತಿ ಮುಚ್ಚಿದಾಗಿನದು, ಯಾವಾಗಲೂ ಕಿರಿಕಿರಿ. ಮುಳ್ಳು ನಡುಗುತ್ತದೆ, ಒಮ್ಮೊಮ್ಮೆ ಕಡಿಮೆ ತೋರಿಸುತ್ತದೆ. ನಾನು ಸೇರಿದ ಮೊದಲ ವಾರವೇ ದೊಡ್ಡ ಸಾರ್ ಹೇಳಿದ್ದರು. "ಗೇಜಿನ ಸಣ್ಣ ಕೊಳವೇಲಿ ಗಾಳಿ ಸಿಕ್ಕೊಂಡಿರತ್ತೆ, ಮುಳ್ಳು ಸುಳ್ಳು ಹೇಳತ್ತೆ. ಮಿಕ್ಕಿದ ಆರು ಸೇರಿಸಿ ಗೆರೆ ಎಳಿ, ಅದನ್ನೇ ಹಿಂದಕ್ಕೆ ಮುಂದುವರಿಸು, ಎಲ್ಲಿ ಮುಟ್ಟತ್ತೋ ಆ ಅಂಕಿ ಬರ್ಕೊ." ನಮ್ಮಲ್ಲಿ ಇದಕ್ಕೆ ಬಿಂದುವನ್ನು ಮನೆಗೆ ಕಳಿಸುವುದು ಎನ್ನುತ್ತೇವೆ. ದಾರಿ ತಪ್ಪಿದ್ದನ್ನು ಮನೆಗೆ ಕಳಿಸುವುದು. ನಾನು ಅದರಲ್ಲಿ ಎತ್ತಿದ ಕೈ. ಬಾಗುವ ಪಟ್ಟಿ ಇಟ್ಟು ಎಳೆದೆನೆಂದರೆ ಗೆರೆ ಬೆಣ್ಣೆ.

ಇವತ್ತು ಬೀರು ತೆಗೆದು ಹಳೆಯ ರಫ್ ಪುಸ್ತಕಗಳನ್ನೆಲ್ಲ ಹರವಿಕೊಂಡೆ. ರಫ್ ಪುಸ್ತಕದಲ್ಲಿ ಕಂಡದ್ದನ್ನೇ ಬರೆದಿರುತ್ತೇನೆ, ಅದೊಂದು ಅಭ್ಯಾಸ. ಬೇರೆ ಮಾದರಿಗಳಲ್ಲಿ ಮೊದಲನೇ ಬಿಂದು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಗಾಳಿಯ ಕೆಲಸವೇ ಇರಬಹುದು. ನಲವತ್ತೆರಡರಲ್ಲಿ ಹಾಗಿಲ್ಲ. ಅರವತ್ತಮೂರು ಪಂಪು. ಅರವತ್ತಮೂರಲ್ಲೂ ಕಡಿಮೆ. ಎಲ್ಲದರಲ್ಲೂ ಮೂವತ್ತೊಂದರ ಹತ್ತಿರ. ಹಾಳೆಗಳಲ್ಲಿ ಎಲ್ಲದರಲ್ಲೂ ಮೂವತ್ಮೂರು.

ಗಾಳಿಗೆ ಇಷ್ಟು ಶಿಸ್ತು ಇರುತ್ತದೆಯೇ?

ಜುಲೈ ೧೨, ಶನಿವಾರ

ಸ್ಟಾಂಡಿನ ಮೇಲೆ ಹೊಸ ನಲವತ್ತೆರಡು ಕೂತಿತ್ತು. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಗೇಜಿನ ಕೊಳವೆಯ ತಿರುಪು ಸಡಿಲಿಸಿ, ಗಾಳಿಯ ಕೊನೆಯ ಗುಳ್ಳೆ ಹೋಗುವವರೆಗೆ ನೀರು ಬಿಟ್ಟೆ. ಇನ್ನೊಂದು ಗೇಜನ್ನೂ ಕೂರಿಸಿದೆ. ಇಸ್ತ್ರಿ ಮೇಡಂ ಬಂದು ನಿಂತಳು. ಏನು ಮಾಡುತ್ತಿದ್ದೀರಿ ಎಂದು ಕೇಳಲಿಲ್ಲ. ಅಂಗಿತೋಳು ಮೇಲಕ್ಕೆ ಮಡಚಿದಳು.

"ನೀವು ಆ ಗೇಜು ಓದಿ, ನಾನು ಇದನ್ನ ಓದ್ತೀನಿ. ಒಬ್ರಿಗೊಬ್ರು ಹೇಳೋದು ಬೇಡ, ಬರ್ಕೊಳಣ" ಎಂದೆ.

ಮೂರು ಸಲ ಓಡಿಸಿದೆವು. ಚೀಟಿ ಬಿಚ್ಚಿದೆವು. ಮೂವತ್ತೊಂದು, ಮೂವತ್ತೊಂದು ಪಾಯಿಂಟ್ ಒಂದು, ಮೂವತ್ತೊಂದು. ಇಬ್ಬರದೂ ಒಂದೇ. ಮುಳ್ಳು ನಡುಗಲೂ ಇಲ್ಲ.

ಅವಳು ಓಡಿಹೋಗಿ ತನ್ನ ಚೀಲದಿಂದ ಕಾಲೇಜಿನ ಪುಸ್ತಕ ತಂದಳು. ಎಂಟು ತಿಂಗಳಿಂದ ಅದನ್ನು ಹೊತ್ತುಕೊಂಡೇ ಓಡಾಡುತ್ತಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ. ಒಂದು ಪುಟ ತೆಗೆದಳು. ಕೆಲವು ಪಂಪುಗಳ ಗೆರೆ ಮೊದಲು ಸ್ವಲ್ಪ ಏರಿ ಆಮೇಲೆ ಇಳಿಯುತ್ತದೆ, ಅಂಥವನ್ನು ಜೋಡಿಯಾಗಿ ಒಂದೇ ಕೊಳವೆಗೆ ಹಾಕಬಾರದು, ಎರಡನೆಯದಕ್ಕೆ ನೀರು ತಳ್ಳಲು ಆಗದೆ ಹೋಗಬಹುದು. ಅಷ್ಟೂ ಅಲ್ಲಿತ್ತು, ಚಿತ್ರದ ಸಮೇತ. ಅವಳು ಓದಿದ್ದಳು, ಕಣ್ಣಲ್ಲಿ ನೋಡಿರಲಿಲ್ಲ. ನಾನು ಹನ್ನೊಂದು ವರ್ಷ ನೋಡಿದ್ದೆ.

"ಈ ಮಾದರಿದು ಹದಿನಾಲ್ಕು ಹಾಳೇಲಿ ನನ್ನ ಸಹಿ ಇದೆ, ಅಕ್ಕ" ಎಂದಳು. ಮುಖ ಬಿಳಿಚಿಕೊಂಡಿತ್ತು.

"ಅರವತ್ಮೂರರಲ್ಲಿ ನನ್ನ ಅಕ್ಷರ ಇದೆ. ಕೂತ್ಕೊ ಮೊದ್ಲು, ನೀರು ಕುಡಿ."

ಜುಲೈ ೧೩, ಭಾನುವಾರ

ಬೆಳಿಗ್ಗೆಯಿಂದ ಮನೆಯವರ ಜೊತೆ ಮಾತಿಲ್ಲ, ಅವರು ಏನೂ ಮಾಡದಿದ್ದರೂ. ಕೊನೆಗೆ ಕತ್ತರಿ ಕೆಳಗಿಟ್ಟು ಕೇಳಿದರು, ಹೇಳಿದೆ. ಇವರಿಗೆ ಪಂಪು ಗೊತ್ತಿಲ್ಲ, ಬಟ್ಟೆ ಗೊತ್ತು.

"ಗಿರಾಕಿದು ಒಂದು ಭುಜ ಇಳಿದಿರತ್ತೆ ಅಂತಿಟ್ಕೊ. ಎರಡೂ ಒಂದೇ ಸಮ ಅಂತ ಬರ್ಕೊಂಡು ಹೊಲಿದ್ರೆ, ಅಂಗಿ ಹ್ಯಾಂಗರಲ್ಲಿ ಚೆನ್ನಾಗೇ ಕಾಣತ್ತೆ. ಹಾಕ್ಕೊಂಡಾಗ ಮಾನ ಹೋಗೋದು ಅವನದು" ಎಂದರು. ಆಮೇಲೆ, "ನಿನ್ನ ಅರ್ಜಿ ಕಥೆ ಏನೇ?" ಎಂದರು.

ಅದನ್ನೇ ನಾನೂ ಬೆಳಿಗ್ಗೆಯಿಂದ ಲೆಕ್ಕ ಹಾಕುತ್ತಿರುವುದು. ಹನ್ನೊಂದು ವರ್ಷ ಅಂಕಿ ತಿದ್ದಿದವಳು ಎಂದು ನಾನೇ ಒಪ್ಪಿಕೊಂಡರೆ ಸಹಿಯ ಅಧಿಕಾರ ಯಾರು ಕೊಡುತ್ತಾರೆ? ಸುಮ್ಮನಿದ್ದರೆ ಸೆಪ್ಟೆಂಬರಿಗೆ ನಾನು ಇಂಜಿನಿಯರ್. ಹಿಡಿಕೆಯ ವರದಿ ಹದಿನೆಂಟು ಪುಟ ತಯಾರಾಗಿ ಕೂತಿದೆ. ಅಂದವಾಗಿದೆ. ಅದರಲ್ಲಿ ಒಂದು ಸುಳ್ಳೂ ಇಲ್ಲ.

ಜುಲೈ ೨೧, ಸೋಮವಾರ

ದೊಡ್ಡ ಸಾರ್ ಹತ್ತಿರ ಹೋದೆ. ರಫ್ ಪುಸ್ತಕಗಳನ್ನು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ನೋಡಿದರು. ಕೆಟ್ಟವರಲ್ಲ ಅವರು, ಅದೇ ತೊಂದರೆ. ಕೆಟ್ಟವರಾಗಿದ್ದರೆ ನನಗೆ ಸಲೀಸಾಗಿತ್ತು.

"ಇದು ಗಾಳಿ ಅಂತಾನೇ ನಾನು ನಂಬಿದ್ದೆ ಕಣಮ್ಮ. ನನಗೂ ಹಾಗೇ ಹೇಳ್ಕೊಟ್ಟಿದ್ರು."

"ನಾನೂ ನಂಬಿದ್ದೆ ಸಾರ್. ಈಗ ಗೊತ್ತಾಯ್ತಲ್ಲ."

"ಇನ್ಮೇಲಿಂದ ಸರಿಯಾಗಿ ಬರಿಯಣ. ಮಾದರಿ ಬದಲಾಯಿಸಣ. ಹಳೇದನ್ನ ಯಾಕೆ ಕೆದಕ್ತೀಯ?"

"ಒಬ್ರ ಕೆಲಸ ಹೋಗೋ ಹಾಗಿದೆ ಸಾರ್. ನಮ್ಮ ಹಾಳೆ ತೋರಿಸಿ ಅಮಾನತು ಮಾಡಿದಾರೆ."

ಅವರು ಪುಸ್ತಕ ಮುಚ್ಚಿ ಕನ್ನಡಕ ತೆಗೆದಿಟ್ಟರು. ಆಮೇಲೆ ದನಿ ಬದಲಾಯಿತು. "ಹಿಡಿಕೆ ವರದಿ ತಗೊಂಡು ಬಾ, ಈಗ್ಲೇ ಸರ್ಟಿಫಿಕೇಟು ಬರ್ದು ಕೊಡ್ತೀನಿ. ಇದನ್ನ ಹೊರಗೆ ತಗೊಂಡು ಹೋದ್ರೆ ನನ್ನಿಂದ ಒಂದಕ್ಷರ ನಿರೀಕ್ಷೆ ಮಾಡ್ಬೇಡ. ನೀನು ಬುದ್ಧಿವಂತೆ."

ಬುದ್ಧಿವಂತೆ ಎಂದು ನನ್ನನ್ನು ಹನ್ನೊಂದು ವರ್ಷದಲ್ಲಿ ಮೊದಲ ಸಲ ಕರೆದದ್ದು ಇವತ್ತು. ಬಾಯಿ ಮುಚ್ಚಿಸುವುದಕ್ಕೆ.

ಪುಸ್ತಕಗಳನ್ನು ಎತ್ತಿಕೊಂಡು ಬಂದೆ. ಬೀರುವಿನಲ್ಲಿಟ್ಟು ಬೀಗವನ್ನು ಎಳೆದೆಳೆದು ನೋಡಿದೆ, ಸಿಟ್ಟಿಗೆ. ಸ್ವಲ್ಪ ಹೆದರಿಕೆಗೂ. ಇರಲಿ, ಹೆದರಿಕೆಗೂ.

ಜುಲೈ ೨೨, ಮಂಗಳವಾರ

ಹಿಡಿಕೆಯ ವರದಿಯನ್ನು ಮಗಳಿಗೆ ಕೊಟ್ಟೆ. ಹಿಂಬದಿ ಖಾಲಿ ಇದೆ, ರಫ್ ಲೆಕ್ಕಕ್ಕೆ ಆಗುತ್ತದೆ.

ಆಗಸ್ಟ್ ೧, ಶುಕ್ರವಾರ

ಹೊಸ ವರದಿ, ಮೊದಲನೇ ಬಿಂದುವಿನ ಮೇಲೆ. ಸಂಜೆ ಐದರಿಂದ ಏಳರವರೆಗೆ, ಇಸ್ತ್ರಿ ಮೇಡಂ ಎನ್ನುತ್ತಿದ್ದೆನಲ್ಲ, ಆ ಹುಡುಗಿಯ ಕೋಣೆಯಲ್ಲಿ ಕೂರುತ್ತೇವೆ. ಅವಳ ಬಾಡಿಗೆ ಕೋಣೆಯಲ್ಲಿ ಒಂದೇ ಕುರ್ಚಿ, ಅದರ ಮೇಲೆ ಇಸ್ತ್ರಿ ಪೆಟ್ಟಿಗೆ, ನಾವಿಬ್ಬರೂ ನೆಲದ ಮೇಲೆ. ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರದ ಎಲೆಗಳ ಕೋನ ಯಾಕೆ ಒತ್ತಡ ಇಳಿಸುತ್ತದೆ ಎಂದು ಅವಳು ಹೇಳಿಕೊಡುತ್ತಾಳೆ. ಎರಕ ಹೊಯ್ದಾಗ ಆ ಎಲೆಗಳು ನಕ್ಷೆಯಲ್ಲಿರುವ ಹಾಗೆ ಬರುವುದೇ ಇಲ್ಲ ಎಂದು ನಾನು ಹೇಳುತ್ತೇನೆ. ನಿನ್ನೆ ಹಳೆಯ ಚಕ್ರವೊಂದನ್ನು ತಂದು ಅಳೆದೆವು. ಎಲೆಯ ತುದಿ ನಕ್ಷೆಗಿಂತ ಮೂರು ಡಿಗ್ರಿ ಹೆಚ್ಚು ನೆಟ್ಟಗಿತ್ತು. ಆ ಮೂರು ಡಿಗ್ರಿ ಹಾಕಿ ಲೆಕ್ಕ ಮಾಡಿದರೆ, ಮೊದಲನೇ ಬಿಂದು ಎಷ್ಟು ಬರಬೇಕು ಗೊತ್ತೇ? ಮೂವತ್ತೊಂದೂಕಾಲು. ಕಾಗದದ ಮೇಲೆ! ಗೇಜು ಮುಟ್ಟದೆ! ನಾನು ನೆಲಕ್ಕೆ ಗುದ್ದಿದೆ. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು.

ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದು ನನ್ನ ಬಸ್ ಸ್ಟಾಪು ದಾಟಿಬಿಟ್ಟೆ.

ಆಗಸ್ಟ್ ೪, ಸೋಮವಾರ

ಆಪರೇಟರಿಗೂ ಅವರ ಪಂಪ್‌ಹೌಸಿನ ಮೇಲಧಿಕಾರಿಗೂ ಪತ್ರ ಹಾಕಿದೆ. ರಿಜಿಸ್ಟರ್ಡ್ ಅಂಚೆಯಲ್ಲಿ. ನಿಮ್ಮ ಪಂಪಿನ ಹಾಳೆಯಲ್ಲಿ ಮೊದಲನೇ ಅಂಕಿ ಮೂವತ್ಮೂರು ಎಂದಿದೆ, ಅದು ಅಳತೆ ಮಾಡಿದ್ದಲ್ಲ, ನಾನು ಗೆರೆ ಎಳೆದು ಬರೆದದ್ದು, ಅಳತೆ ಮಾಡಿದ ಅಂಕಿ ಮೂವತ್ತೊಂದು, ರಫ್ ಪುಸ್ತಕದ ನಕಲು ಲಗತ್ತಿಸಿದೆ, ವಾಲ್ವು ತೆರೆದಿದ್ದರೂ ಆ ಪಂಪು ನೀರು ತಳ್ಳುತ್ತಿರಲಿಲ್ಲ. ಕೆಳಗೆ ಹೆಸರು, ಡಿಪ್ಲೊಮಾ ಇದ್ದರೂ ಕಾರ್ಖಾನೆ ಕೊಟ್ಟ ಹುದ್ದೆ: ಟೆಕ್ನಿಷಿಯನ್.

ಹುಡುಗಿ ತಾನೂ ಸಹಿ ಹಾಕುತ್ತೇನೆ ಎಂದು ಹಟ ಹಿಡಿದಳು. ಬೇಡ ಎಂದೆ. ಆ ಹಾಳೆ ಅವಳು ಬರುವ ಮುಂಚಿನದು. ಅವಳ ಹದಿನಾಲ್ಕು ಹಾಳೆಗೆ ಅವಳೇ ಬೇರೆ ಪತ್ರ ಬರೆಯಲಿ. ಬರೆದಳು. ಅಕ್ಷರ ಕೋಳಿ ಕೆದರಿದ ಹಾಗಿದೆ, ಆದರೂ ಓದಬಹುದು.

ಆಗಸ್ಟ್ ೬, ಬುಧವಾರ

ನನ್ನನ್ನು ಸ್ಟೋರಿಗೆ ಹಾಕಿದ್ದಾರೆ. ಬೋಲ್ಟು, ನಟ್ಟು, ವಾಷರ್. ಎಣಿಸಿ ಕೊಡುವುದು. "ತಾತ್ಕಾಲಿಕ" ಎಂದು ಆದೇಶದಲ್ಲಿದೆ.

ಎಣಿಸುತ್ತೇನೆ. ತಪ್ಪಿಲ್ಲದೆ ಎಣಿಸುತ್ತೇನೆ. ಇದರಲ್ಲೂ ನನ್ನನ್ನು ಮೀರಿಸುವವರು ಬರಲಿ ನೋಡೋಣ.

ಆಗಸ್ಟ್ ೧೩, ಬುಧವಾರ

ಅರ್ಜಿ ಕೊಟ್ಟೆ. ಕೆಲಸ ನೋಡಿದವರ ಸರ್ಟಿಫಿಕೇಟು ಎಂಬ ಜಾಗ ಖಾಲಿ ಬಿಟ್ಟೆ. ಕೌಂಟರಿನವರು ಅದಕ್ಕೆ ಬೆರಳಿಟ್ಟು, "ಇದು ಭರ್ತಿ ಆಗಿಲ್ವಲ್ಲ" ಎಂದರು. ಕಾರಣ ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ನಿಯಮ ಒಂಬತ್ತರಲ್ಲಿ ಅವಕಾಶ ಇದೆ ಎಂದು ಪುಟ ತೆಗೆದು ತೋರಿಸಿದೆ. ಅವರು ನಿಯಮ ಪುಸ್ತಕವನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು.

ಆಗಸ್ಟ್ ೨೪, ಭಾನುವಾರ

ಮಗಳು ಇವರ ಹೊಲಿಗೆ ಯಂತ್ರ ಬಿಚ್ಚಿ ಹಾಕಿದ್ದಳು. ಸೂಜಿ ಪದೇ ಪದೇ ಮುರಿಯುತ್ತಿತ್ತಂತೆ. ನಾನು ಬಂದಾಗ ನಡುಮನೆಯ ನೆಲದ ಮೇಲೆ ಹಳೆಯ ಪಂಚೆ ಹಾಸಿ, ಬಿಚ್ಚಿದ ಕ್ರಮದಲ್ಲೇ ಒಂದೊಂದು ತಿರುಪನ್ನೂ ಸಾಲಾಗಿ ಇಟ್ಟಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಇವರು ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು, ಮನೆಯ ಅನ್ನ ಆ ಯಂತ್ರದಲ್ಲಿದೆ.

"ಏನಾಗಿದೆ ಅಂತ ಕಂಡ್ಯಾ?" ಎಂದೆ.

"ಈ ಕಂಬಿ ಬಗ್ಗಿದೆ. ಆದ್ರೆ ಯಾಕೆ ಬಗ್ತು ಅಂತ ಗೊತ್ತಾಗ್ತಿಲ್ಲ."

ಯಾಕೆ ಎಂದು ಕೇಳುತ್ತಾಳೆ. ಸಾಕಲ್ಲ. ಸಂಜೆ, ಮುಂದಿನ ವರ್ಷಕ್ಕೆಂದು ತಂದುಕೊಂಡಿದ್ದ ಫಿಟ್ಟರ್ ತರಬೇತಿಯ ಅರ್ಜಿ ಎಲ್ಲಿಟ್ಟಿದ್ದೀಯ ಎಂದು ಕೇಳಿ ಸಹಿ ಹಾಕಿಕೊಟ್ಟೆ. ಅಲ್ಲಿಂದ ಎಲ್ಲಿಗೆ ಬೇಕಾದರೂ ದಾರಿ ಇದೆ, ಎಲ್ಲೆಲ್ಲಿ ಎಂದು ಅವಳಿಗೆ ಬರೆದೂ ಕೊಟ್ಟೆ. ಡಿಪ್ಲೊಮಾಗೆ ಎರಡನೇ ವರ್ಷಕ್ಕೇ ಸೇರಬಹುದು, ಅಲ್ಲಿಂದ ಡಿಗ್ರಿಗೂ ಹಾಗೆಯೇ, ಇಲ್ಲ ನನ್ನ ಹಾಗೆ ಮಂಡಳಿಯ ಮುಂದೆ. ಅಡ್ಡಡ್ಡ ಬಾಣ ಹಾಕಿ ಬರೆದೆ. ಆ ಸಲಹೆಗಾರರ ಏಣಿಗೆ ಈ ಬಾಣಗಳು ಒಂದೂ ಇರಲಿಲ್ಲ.

ಸೆಪ್ಟೆಂಬರ್ ೧೨, ಶುಕ್ರವಾರ

ಸಂದರ್ಶನ ಆಯಿತು. ಉದ್ದ ಮೇಜು, ಆಚೆ ಮೂವರು. ನಡುವೆ ಕೂತಿದ್ದವರು ನರೆಗೂದಲಿನ ಹೆಂಗಸು. ಮೊದಲ ಮುಕ್ಕಾಲು ಗಂಟೆ ಬರೀ ಪಂಪು. ಎಲೆಯ ಕೋನ, ಒತ್ತಡ, ಜೋಡಿ ಪಂಪು. ಒಂದಕ್ಕೂ ತಡವರಿಸಲಿಲ್ಲ. ಒಮ್ಮೆ ಎಡಗಡೆಯವರ ಲೆಕ್ಕವನ್ನೇ ತಿದ್ದಿದೆ, ಅವರು ಎರಡು ಸಲ ಕೂಡಿ ನೋಡಿ ತಲೆಯಾಡಿಸಿದರು.

ಆಮೇಲೆ ಬಲಗಡೆಯವರು ಪೆನ್ನು ಕೆಳಗಿಟ್ಟರು. "ಅಂದ್ರೆ ಹನ್ನೊಂದು ವರ್ಷ ನೀವು ಅಳತೆ ಮಾಡದ ಅಂಕಿನ ಅಳತೆ ಅಂತ ಬರೆದ್ರಿ."

"ಹೌದು."

"ಮೇಲಿನವರು ಹೇಳಿದ್ರು ಅಂತ ಬರೆದ್ರಿ."

"ಹೇಳಿದ್ದು ಅವರು. ಬರೆದಿದ್ದು ನಾನು. ಚೆನ್ನಾಗಿ ಬರೀತಿದ್ದೆ ಅಂತ ಜಂಬನೂ ಇತ್ತು."

"ಗಿರಾಕಿಗೆ ಪತ್ರ ಬರೆದಿದೀರಿ. ಯಾವ ಅಧಿಕಾರದಲ್ಲಿ? ನಿಮಗೆ ಸಹಿ ಹಾಕೋ ಹಕ್ಕೇ ಇಲ್ವಲ್ಲ."

ಇಲ್ಲಿಯವರೆಗೆ ತಣ್ಣಗಿದ್ದೆ. ಇಲ್ಲಿ ಆಗಲಿಲ್ಲ. "ಪಂಪು ಸರಿ ಇದೆ ಅನ್ನೋಕೆ ಅಧಿಕಾರ ಬೇಕು ಸಾರ್. ತಪ್ಪು ನಂದು ಅನ್ನೋಕೆ ಬೇಡ. ಅದನ್ನ ಕಸ ಗುಡಿಸೋರೂ ಹೇಳ್ಬೋದು, ನೀವೂ ಹೇಳ್ಬೋದು" ಎಂದೆ.

ನಡುವಿನ ಹೆಂಗಸು ಏನೋ ಬರೆದುಕೊಂಡರು. ಹೋಗಬಹುದು ಎಂದರು. ಹೊರಗೆ ಬಂದ ಮೇಲೆ, "ನೀವೂ" ಎಂದಿದ್ದನ್ನು ಬಿಡಬಹುದಿತ್ತು ಎನಿಸಿತು. ಬಸ್ ಬರುವ ಹೊತ್ತಿಗೆ ಬಿಡಬೇಕಾಗಿರಲಿಲ್ಲ ಎನಿಸಿತು.

ಸೆಪ್ಟೆಂಬರ್ ೩೦, ಮಂಗಳವಾರ

ಪತ್ರ ಬಂತು. ತಾಂತ್ರಿಕ ಜ್ಞಾನ: ಉತ್ತಮ. ವೃತ್ತಿ ನಡತೆ: ದಾಖಲೆಗಳನ್ನು ತಿದ್ದಿರುವುದನ್ನು ಅರ್ಜಿದಾರರೇ ಒಪ್ಪಿಕೊಂಡಿರುವುದರಿಂದ ಈ ಸಲ ಪರಿಗಣಿಸಲಾಗದು. ಎರಡು ವರ್ಷದ ನಂತರ ಮತ್ತೆ ಅರ್ಜಿ ಸಲ್ಲಿಸಬಹುದು.

ಸ್ಟೋರಿನ ಹಿಂದೆ ಹೋಗಿ ಅತ್ತೆ. ಚೆನ್ನಾಗಿ ಅತ್ತೆ. ಆಮೇಲೆ ಇನ್ನೊಮ್ಮೆ ಓದಿದೆ. ಅನ್ಯಾಯ ಎನ್ನೋಣವೆಂದರೆ, ಆ ಜಾಗದಲ್ಲಿ ಕೂತಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ಅದೇ ಇನ್ನಷ್ಟು ಸಿಟ್ಟು ತರಿಸಿತು.

ದೊಡ್ಡ ಸಾರ್ ಹಾದುಹೋಗುವಾಗ ನಿಂತರು. "ನಾನು ಹೇಳಿದ್ದೆ ಕಣಮ್ಮ" ಎಂದರು. ವ್ಯಂಗ್ಯವಿರಲಿಲ್ಲ.

"ಹೇಳಿದ್ರಿ ಸಾರ್. ಮುಂದಿನ ಅರ್ಜಿಗೂ ನಿಮ್ಮ ಹತ್ರಾನೇ ಬರ್ತೀನಿ" ಎಂದೆ. ಅವರು ಹೆಬ್ಬೆರಳು ಗಾತ್ರದ ಬೋಲ್ಟು ಹನ್ನೆರಡು ಬೇಕು ಎಂದರು. ಎಣಿಸಿ ಹನ್ನೆರಡೇ ಕೊಟ್ಟೆ, ಹದಿಮೂರು ಕೊಡಲಿಲ್ಲ.

ಅಕ್ಟೋಬರ್ ೧೪, ಮಂಗಳವಾರ

ಇವತ್ತು ಲಾರಿಯಲ್ಲಿ ಎರಡು ಪಂಪು ವಾಪಸು ಬಂದವು. ಪಂಪ್‌ಹೌಸಿನವರು ಕಳಿಸಿದ್ದು. ಜೊತೆಗೆ ಒಂದು ಕಾಗದ: ವಿಚಾರಣೆಯಲ್ಲಿ ಆಪರೇಟರದು ತಪ್ಪಿಲ್ಲ ಎಂದು ತೀರ್ಮಾನವಾಗಿದೆ, ಪಂಪುಗಳನ್ನು ನಮ್ಮ ಆಪರೇಟರ ಎದುರಿನಲ್ಲೇ ಮತ್ತೆ ಪರೀಕ್ಷಿಸಬೇಕು, ಪರೀಕ್ಷೆಯನ್ನು ನಮಗೆ ಪತ್ರ ಬರೆದವರೇ ಮಾಡಬೇಕು.

ದೊಡ್ಡ ಸಾರ್ ಅದನ್ನು ಸ್ಟೋರಿನ ಕೌಂಟರಿನ ಮೇಲಿಟ್ಟು, ಮುಖ ಬೇರೆ ಕಡೆ ತಿರುಗಿಸಿ ನಿಂತರು. ನಾನು ವಾಷರ್ ಡಬ್ಬಿ ಮುಚ್ಚಿ ಎದ್ದೆ.

ಆಪರೇಟರು ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ತೊಟ್ಟಿಯ ಪಕ್ಕದಲ್ಲಿ ಚಪ್ಪಲಿ ಬಿಟ್ಟು ನಿಂತರು. ಚಪ್ಪಲಿ ಹಾಕಿಕೊಳ್ಳಿ, ನೆಲ ಜಾರುತ್ತದೆ ಎಂದೆ. ಪಂಪು ಕೂರಿಸಿ, ಕೊಳವೆ ಜೋಡಿಸಿ, ಗಾಳಿ ತೆಗೆದೆ. ಹುಡುಗಿ ಎರಡನೇ ಗೇಜಿನ ಮುಂದೆ ಕೂತಳು. ಅವಳ ತೋಳಿನ ಮಡಿಕೆಯ ಮೇಲೆ ಗ್ರೀಸು ಮೆತ್ತಿತ್ತು. ಮೊದಲನೇ ಗೇಜಿನ ಮುಂದೆ ಯಾರು ಕೂರಬೇಕು ಎಂದು ಅವಳು ನನ್ನ ಮುಖ ನೋಡಿದಳು. ನಾನು ಸ್ಟೂಲನ್ನು ಆಪರೇಟರ ಕಡೆಗೆ ತಳ್ಳಿದೆ.

ಅವರು ಕೂರಲು ಹಿಂಜರಿದರು. "ನಾನು ಓದಿದ್ದು ಕಾಗದದಲ್ಲಿ ನಿಲ್ಲತ್ತಾ? ಸಹಿ ಇಂಜಿನಿಯರದ್ದು ಬೇಕಲ್ವಾ? ನೀವು ಇಂಜಿನಿಯರಾ, ಮೇಡಂ?"

ಇಡೀ ವಿಭಾಗ ಕೇಳಿಸಿಕೊಳ್ಳುತ್ತಿತ್ತು. ದೊಡ್ಡ ಸಾರ್ ಬಾಗಿಲಲ್ಲೇ ನಿಂತಿದ್ದರು.

"ಇನ್ನೂ ಇಲ್ಲ. ಎರಡು ವರ್ಷ ಆಗತ್ತೆ" ಎಂದೆ. "ವಾಲ್ವು ಮುಚ್ಚಿದೀನಿ. ಮುಳ್ಳು ನಿಂತ ಮೇಲೆ ಓದಿ."

ಅವರು ಓದಿದರು. ನಾನು ಬರೆದುಕೊಂಡೆ.